ಮಣ್ಣಿನ ತೇವಾಂಶಕ್ಕೆ ಅನುಗುಣವಾಗಿ ಪಂಪ್ ನಿಲ್ಲಿಸುವ ಸಾಧನ: ರಾಸ್ಪ್‌ಬೆರಿ ಪೈ ಮೇಲೆ ‘ಸಿ’ ಭಾಷೆಯ ಮೊದಲ ಪಾಠಗಳು

ಹನಿ ನೀರಾವರಿ ಅಳವಡಿಸಿದ ತಾಕುಗಳಲ್ಲಿಯೂ ನೀರು ಹಾಯಿಸುವ ಅವಧಿಯನ್ನು ಅನೇಕ ಕಡೆ ನಿರ್ಧರಿಸುವುದು ವಿದ್ಯುತ್ ಇರುವ ವೇಳೆಯೇ ಹೊರತು ಮಣ್ಣಿನ ಹದವಲ್ಲ. ಬೇರುವಲಯ ತೇವಗೊಂಡ ನಂತರವೂ ಪಂಪ್ ನಡೆಯುತ್ತಿದ್ದರೆ ಕೊಳವೆಬಾವಿಯ ನೀರಿನ ಜೊತೆಗೆ ಬೆಳೆಗೆ ಕೊಟ್ಟ ಸಾರಜನಕವೂ ಕೆಳಕ್ಕೆ ಬಸಿದು ಹೋಗುತ್ತದೆ. ತೇವಾಂಶವನ್ನು ಅಳೆದು ಸಕಾಲದಲ್ಲಿ ಪಂಪ್ ನಿಲ್ಲಿಸುವ ಚಿಕ್ಕ ಸಾಧನವನ್ನು ಐಟಿಐ ಅಥವಾ ಡಿಪ್ಲೊಮಾ ಓದಿದ ರೈತ ಕುಟುಂಬದ ಯುವಕ ಯುವತಿಯರು ತಾವೇ ಸಿದ್ಧಪಡಿಸಿಕೊಳ್ಳಬಹುದು. ಪ್ರೋಗ್ರಾಮಿಂಗ್ ಕಲಿಯದವರನ್ನು ಗಮನದಲ್ಲಿಟ್ಟುಕೊಂಡು ಅದರ ಆರಂಭಿಕ ಹಂತಗಳನ್ನು ಇಲ್ಲಿ ವಿವರಿಸಲಾಗಿದೆ.

ಸಾಧನ ಮತ್ತು ಭಾಷೆ

ರಾಸ್ಪ್‌ಬೆರಿ ಪೈ ಎಂಬುದು 2012ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ, ಅಂಗೈಯಷ್ಟು ಅಗಲದ ಒಂದೇ ಫಲಕದ ಕಂಪ್ಯೂಟರ್. ಈಗಿನ ಮಾದರಿಗಳ ಅಂಚಿನಲ್ಲಿ 40 ಪಿನ್ನುಗಳ ಸಾಲು ಇರುತ್ತದೆ. ಇವುಗಳ ಸಂಕೇತ ಪಿನ್ನುಗಳು 3.3 ವೋಲ್ಟಿನಲ್ಲಿ ಕೆಲಸ ಮಾಡುತ್ತವೆ. 5 ವೋಲ್ಟಿನ ಸಂಕೇತವನ್ನು ನೇರವಾಗಿ ಜೋಡಿಸಿದರೆ ಫಲಕ ಕೆಡುವ ಸಂಭವವಿದೆ.

‘ಸಿ’ ಭಾಷೆಯನ್ನು ಡೆನಿಸ್ ರಿಚಿ ಅವರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1970ರ ದಶಕದ ಆರಂಭದಲ್ಲಿ ರೂಪಿಸಿದರು. ಈ ಒಂದು ಕೆಲಸಕ್ಕೆ ಮಾತ್ರವಾದರೆ ಪೈಥಾನ್ ಭಾಷೆ ಸಾಕು, ಕಲಿಯಲು ಸುಲಭವೂ ಹೌದು. ಆದರೆ ಮುಂದೆ ಬ್ಯಾಟರಿಯಲ್ಲಿ ನಡೆಯುವ ಅಗ್ಗದ ಮೈಕ್ರೋಕಂಟ್ರೋಲರ್‌ಗೆ ಇದೇ ಕೆಲಸವನ್ನು ವರ್ಗಾಯಿಸುವ ಉದ್ದೇಶವಿದ್ದಲ್ಲಿ ‘ಸಿ’ ಕಲಿತ ಶ್ರಮ ವ್ಯರ್ಥವಾಗುವುದಿಲ್ಲ.

ಕಲಿಕೆಯನ್ನು ಎಲ್ಇಡಿ ದೀಪದಿಂದ ಆರಂಭಿಸುವುದು ಸೂಕ್ತ. 11ನೇ ಪಿನ್ನಿನಿಂದ (ಪ್ರೋಗ್ರಾಮಿನಲ್ಲಿ ಇದರ ಸಂಖ್ಯೆ 17) 330 ಓಮ್ ರೋಧಕದ ಮೂಲಕ ದೀಪದ ಉದ್ದನೆಯ ಕಾಲಿಗೆ, ಗಿಡ್ಡ ಕಾಲಿನಿಂದ 9ನೇ ಪಿನ್ನಿಗೆ ತಂತಿ ಜೋಡಿಸಬೇಕು. ಪಿನ್ನುಗಳ ನಿಯಂತ್ರಣಕ್ಕೆ ‘ಲಿಬ್‌ಜಿಪಿಐಒಡಿ’ ಗ್ರಂಥಾಲಯ ಉಪಯುಕ್ತ. ಇದರ 1 ಮತ್ತು 2ನೇ ಆವೃತ್ತಿಗಳ ಆದೇಶಗಳು ಬೇರೆ ಬೇರೆ. ಮಾದರಿ ಪ್ರೋಗ್ರಾಂ ನಕಲು ಮಾಡುವ ಮುನ್ನ ತಮ್ಮಲ್ಲಿರುವ ಆವೃತ್ತಿ ಯಾವುದೆಂದು ಪರಿಶೀಲಿಸಿಕೊಳ್ಳಬೇಕು. ದೀಪ ಒಂದು ಸೆಕೆಂಡ್ ಉರಿದು ಒಂದು ಸೆಕೆಂಡ್ ಆರುವಂತಾದರೆ ಚರಾಂಕ, ಪುನರಾವರ್ತನೆ ಮತ್ತು ಕಾಯುವಿಕೆ ಎಂಬ ಮೂರು ಪಾಠಗಳು ಮುಗಿದಂತೆ.

ಸಂವೇದಕದ ಅಂಕಿ ತೇವಾಂಶವಲ್ಲ

ಮಣ್ಣಿಗೆ ಚುಚ್ಚುವ ಎರಡು ಲೋಹದ ಕಡ್ಡಿಗಳ ರೋಧಕ ಮಾದರಿಯ ಸಂವೇದಕ ಅಗ್ಗವಾದರೂ ಬೇಗ ತುಕ್ಕು ಹಿಡಿಯುತ್ತದೆ. ಧಾರಕ ಮಾದರಿಯದನ್ನೇ ಆಯ್ದುಕೊಳ್ಳುವುದು ಒಳಿತು. ಅದರ ಮೇಲ್ತುದಿಯ ಬಿಡಿಭಾಗಗಳಿಗೆ ನೀರು ತಾಗದಂತೆ ಮೇಣ ಅಥವಾ ಎಪಾಕ್ಸಿ ಲೇಪಿಸಬೇಕು. ಇದರಲ್ಲಿ ಮಣ್ಣು ಒಣಗಿದಂತೆ ವೋಲ್ಟೇಜ್ ಏರುತ್ತದೆ, ತೇವವಾದಂತೆ ಇಳಿಯುತ್ತದೆ. ಏರಿಳಿಯುವ ವೋಲ್ಟೇಜನ್ನು ನೇರವಾಗಿ ಓದುವ ವ್ಯವಸ್ಥೆ ಪೈನಲ್ಲಿ ಇಲ್ಲ. ಆದ್ದರಿಂದ ನಡುವೆ ಎಂಸಿಪಿ3008 ಎಂಬ ಪರಿವರ್ತಕ ಚಿಪ್ ಅಳವಡಿಸಿ, ಅದಕ್ಕೆ 3.3 ವೋಲ್ಟ್ ಕೊಡಬೇಕು. ಎಸ್‌ಪಿಐ ಮಾರ್ಗದಲ್ಲಿ 1, 128, 0 ಎಂಬ ಮೂರು ಬೈಟ್ ಕಳುಹಿಸಿದರೆ ಚಿಪ್ಪಿನ ಮೊದಲನೆಯ ಚಾನೆಲ್‌ನ ಓದು ಮರಳಿ ಬರುತ್ತದೆ. ಉತ್ತರದ ಎರಡನೇ ಬೈಟಿನ ಕೊನೆಯ ಎರಡು ಬಿಟ್‌ಗಳ ಬೆಲೆಯನ್ನು 256ರಿಂದ ಗುಣಿಸಿ ಮೂರನೇ ಬೈಟ್ ಕೂಡಿಸಿದಾಗ 0ರಿಂದ 1023ರವರೆಗಿನ ಒಂದು ಅಂಕಿ ಸಿಗುತ್ತದೆ.

ಈ ಅಂಕಿಗೆ ಸ್ವತಃ ಅರ್ಥವಿಲ್ಲ. ಒಂದೇ ಸಂವೇದಕ ಕೆಂಪು ಮರಳುಮಿಶ್ರಿತ ಮಣ್ಣಿನಲ್ಲಿ ಒಂದು, ಎರೆ ಮಣ್ಣಿನಲ್ಲಿ ಇನ್ನೊಂದು ಅಂಕಿ ತೋರಿಸಬಹುದು. ತಮ್ಮ ತಾಕಿನಲ್ಲಿಯೇ, ಸಂವೇದಕ ಹೂಳುವ ಆಳದಲ್ಲಿಯೇ ಎರಡು ಓದುಗಳನ್ನು ಬರೆದಿಟ್ಟುಕೊಳ್ಳಬೇಕು. ಒಂದು, ಚೆನ್ನಾಗಿ ನೀರುಣಿಸಿ ಹೆಚ್ಚುವರಿ ನೀರು ಬಸಿದ ನಂತರದ್ದು. ಕೆಂಪು ಮಣ್ಣಿಗೆ ಸುಮಾರು ಒಂದು ದಿನ, ಎರೆ ಮಣ್ಣಿಗೆ ಎರಡು ಮೂರು ದಿನ ಬೇಕು. ಇನ್ನೊಂದು, ಬೆಳೆಗೆ ನೀರು ಕೊಡಲೇಬೇಕು ಎಂದು ಅನುಭವಸ್ಥರು ಮಣ್ಣನ್ನು ಹಿಸುಕಿ ನೋಡಿ ಹೇಳುವ ಹದದ್ದು. ನಿಖರತೆ ಬೇಕಾದಲ್ಲಿ ಎರಡೂ ಬಾರಿ ಮಣ್ಣಿನ ಮಾದರಿ ತೂಗಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಬೇಕು; ಕಡಿಮೆಯಾದ ತೂಕವನ್ನು ಒಣ ತೂಕದಿಂದ ಭಾಗಿಸಿ 100ರಿಂದ ಗುಣಿಸಿದರೆ ತೂಕದ ಆಧಾರದ ಶೇಕಡಾ ತೇವಾಂಶ ದೊರೆಯುತ್ತದೆ. ವಿಸ್ತರಣಾ ಕಾರ್ಯಕರ್ತರು ರೈತರಿಗೆ ಅತ್ಯಂತ ಹೆಚ್ಚು ನೆರವಾಗಬಹುದಾದದ್ದು ಈ ಹಂತದಲ್ಲಿಯೇ.

ಲೆಕ್ಕದಲ್ಲಿ ಅಡಗಿರುವ ದೋಷ

ಉದಾಹರಣೆಗೆ ಒಣ ಹದದ ಓದು 620, ತೇವ ಹದದ ಓದು 300 ಎಂದಿರಲಿ. ಇವೆರಡರ ಅಂತರ 320. ಈಗಿನ ಓದು 460 ಆಗಿದ್ದರೆ ಮಣ್ಣು ನಡುಮಟ್ಟದಲ್ಲಿದೆ, ಅಂದರೆ ಶೇ. 50. ಇದನ್ನು (620 - 460) / 320 * 100 ಎಂದು ಬರೆದರೆ ‘ಸಿ’ ಕೊಡುವ ಉತ್ತರ ಸೊನ್ನೆ! ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸುವಾಗ ಈ ಭಾಷೆ ದಶಮಾಂಶ ಭಾಗವನ್ನು ಕೈಬಿಡುತ್ತದೆ; 160ನ್ನು 320ರಿಂದ ಭಾಗಿಸಿದಾಗ ಉಳಿಯುವುದು ಸೊನ್ನೆ, ಅದನ್ನು 100ರಿಂದ ಗುಣಿಸಿದರೂ ಸೊನ್ನೆಯೇ. ಓದು 300ಕ್ಕೆ ಇಳಿಯುವವರೆಗೂ ಪ್ರೋಗ್ರಾಮಿನ ದೃಷ್ಟಿಯಲ್ಲಿ ಹೊಲ ಪೂರ್ತಿ ಒಣಗಿಯೇ ಇರುತ್ತದೆ, ಪಂಪ್ ನಡೆಯುತ್ತಲೇ ಇರುತ್ತದೆ. (620 - 460) * 100 / 320 ಎಂದು ಮೊದಲು ಗುಣಿಸಿ ನಂತರ ಭಾಗಿಸಿದರೆ 50 ಬರುತ್ತದೆ.

ಹೋಲಿಕೆಯ ಚಿಹ್ನೆಯಲ್ಲಿಯೂ ಇಂತಹುದೇ ಅಪಾಯವಿದೆ. == ಎಂದರೆ ಹೋಲಿಸು, = ಎಂದರೆ ಬೆಲೆ ತುಂಬು. ಷರತ್ತಿನೊಳಗೆ ಒಂದು ಚಿಹ್ನೆ ಬಿಟ್ಟುಹೋಗಿ 1 ತುಂಬಿದರೆ ಷರತ್ತು ಸದಾ ನಿಜವಾಗುತ್ತದೆ. ಜಿಸಿಸಿ ಕಂಪೈಲರ್‌ನ ‘ವಾಲ್’ ಎಂಬ ಎಚ್ಚರಿಕೆ ಆಯ್ಕೆಯನ್ನು ಬಳಸಿದರೆ ಈ ಎರಡನೆಯ ದೋಷವನ್ನು ಅದು ತೋರಿಸಿಕೊಡುತ್ತದೆ. ಭಾಗಾಕಾರದ ದೋಷವನ್ನು ತೋರಿಸುವುದಿಲ್ಲ; ಗೊತ್ತಿರುವ ಅಂಕಿಗಳನ್ನು ಕೊಟ್ಟು ಕೈಲೆಕ್ಕದೊಂದಿಗೆ ತಾಳೆ ನೋಡುವುದೊಂದೇ ದಾರಿ.

ಸಂವೇದಕದ ತಂತಿಯನ್ನು ಇಲಿ ಕಡಿದರೆ ಓದು 0 ಅಥವಾ 1023ರ ಸಮೀಪಕ್ಕೆ ಹೋಗಬಹುದು, ಅಥವಾ ಎಲ್ಲೆಂದರಲ್ಲಿ ಅಲೆದಾಡಬಹುದು. 1023 ಬಂದರೆ ಪ್ರೋಗ್ರಾಂ ಅದನ್ನು ತೀವ್ರ ಬರವೆಂದೇ ಭಾವಿಸುತ್ತದೆ. ಆದುದರಿಂದ ಮೇಲಿನ ಉದಾಹರಣೆಯಲ್ಲಿ 250ಕ್ಕಿಂತ ಕಡಿಮೆ ಅಥವಾ 680ಕ್ಕಿಂತ ಹೆಚ್ಚಿನ ಯಾವ ಓದು ಬಂದರೂ ಪಂಪ್ ನಿಲ್ಲುವಂತೆ ಷರತ್ತು ಬರೆಯಬೇಕು. ಪಂಪಿಗೆ ಅನುಮತಿ ಕೊಡುವ ಮಿತಿ ಮತ್ತು ನಿಲ್ಲಿಸುವ ಮಿತಿ ಬೇರೆ ಬೇರೆಯಾಗಿರಲಿ, ಉದಾಹರಣೆಗೆ ಶೇ. 50 ಮತ್ತು ಶೇ. 80. ಒಂದೇ ಮಿತಿಯಾದರೆ ರಿಲೇ ಕ್ಷಣಕ್ಕೊಮ್ಮೆ ಬಡಿದುಕೊಳ್ಳುತ್ತದೆ.

ಪಂಪ್ ಜೋಡಣೆ

ಮೋಟಾರಿನ ವಿದ್ಯುತ್ತನ್ನು ಚಿಕ್ಕ ರಿಲೇ ಮೂಲಕ ಹಾಯಿಸಲೇಬಾರದು. ಸ್ಟಾರ್ಟರ್‌ನ ಹೋಲ್ಡಿಂಗ್ ಕಾಯಿಲ್‌ನ ಸರ್ಕ್ಯೂಟಿನಲ್ಲಿ ರಿಲೇಯ ಸಾಮಾನ್ಯವಾಗಿ ತೆರೆದಿರುವ ಸಂಪರ್ಕವನ್ನು ಸರಣಿಯಾಗಿ ಸೇರಿಸಬೇಕು. ಕಾಯಿಲ್‌ನ ವೋಲ್ಟೇಜಿಗೆ ತಕ್ಕ ರಿಲೇ ಆಯ್ಕೆ ಮತ್ತು ಈ ಜೋಡಣೆ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರ ಕೆಲಸ. ಹೀಗೆ ಮಾಡಿದಾಗ ಪೈಗೆ ವಿದ್ಯುತ್ ತಪ್ಪಿದರೂ ಪಂಪ್ ನಿಲ್ಲುತ್ತದೆ, ಚಾಲನೆ ಮಾತ್ರ ರೈತರ ಕೈಯಲ್ಲಿಯೇ ಉಳಿಯುತ್ತದೆ. ಆರಂಭಿಕರ ಪ್ರೋಗ್ರಾಮಿಗೆ ಪಂಪ್ ನಿಲ್ಲಿಸುವ ಅಧಿಕಾರವಷ್ಟೇ ಸಾಕು ಎಂಬುದು ನಮ್ಮ ಅಭಿಪ್ರಾಯ. ಆಟೋ ಸ್ಟಾರ್ಟರ್ ಇರುವಲ್ಲಿ ಅದನ್ನು ಈ ಅವಧಿಯಲ್ಲಿ ಬಳಸಬಾರದು. ಡ್ರೈ ರನ್ ರಕ್ಷಣೆಯನ್ನು ತೆಗೆಯಬಾರದು. ಪ್ರೋಗ್ರಾಂ ನಡುವೆ ಸ್ತಬ್ಧಗೊಂಡರೆ ರಿಲೇ ಹಿಂದಿನ ಸ್ಥಿತಿಯಲ್ಲಿಯೇ ಉಳಿಯಬಹುದಾದ್ದರಿಂದ ಪ್ರತ್ಯೇಕ ಟೈಮರ್ ಒಂದಿರಲಿ. ಮಾರುಕಟ್ಟೆಯ ಹಲವು ರಿಲೇ ಫಲಕಗಳು ಪಿನ್ ಸೊನ್ನೆಗೆ ಇಳಿದಾಗ ಚಾಲೂ ಆಗುತ್ತವೆ ಎಂಬುದನ್ನೂ ಗಮನಿಸಬೇಕು.

ಪದೇ ಪದೇ ವಿದ್ಯುತ್ ಕಡಿತವಾದರೆ ಪೈನ ಮೆಮೊರಿ ಕಾರ್ಡಿನಲ್ಲಿರುವ ಮಾಹಿತಿ ಕೆಡುವುದುಂಟು. ಚಿಕ್ಕ ಬ್ಯಾಟರಿ ಬೆಂಬಲ ಮತ್ತು ಕಾರ್ಡಿನ ಒಂದು ಪ್ರತಿ ಸಿದ್ಧವಿರಬೇಕು.

ಮೊದಲ ಎರಡು ವಾರ ರಿಲೇಗೆ ಸ್ಟಾರ್ಟರ್ ಬದಲು 12 ವೋಲ್ಟಿನ ಬಲ್ಬ್ ಜೋಡಿಸಿ, ಎಂದಿನಂತೆ ನೀರು ಹಾಯಿಸುತ್ತಾ ಬರಬೇಕು. ಬಲ್ಬ್ ಆರಿದ ಪ್ರತಿ ಬಾರಿಯೂ ಬೇರುವಲಯದ ಮಣ್ಣನ್ನು ಕೈಯಲ್ಲಿ ಹಿಸುಕಿ ನೋಡಿ, ಹದವನ್ನೂ ಓದನ್ನೂ ದಿನಾಂಕದೊಂದಿಗೆ ಬರೆದಿಡಬೇಕು. ಎರಡೂ ಹೊಂದಿಕೆಯಾಗದಿದ್ದರೆ 620 ಮತ್ತು 300ರ ಸ್ಥಾನದಲ್ಲಿ ತಾವು ಬರೆದ ಅಂಕಿಗಳನ್ನು ತಿದ್ದಬೇಕು. ಅಲ್ಲಿಯವರೆಗೆ ಸ್ಟಾರ್ಟರ್‌ಗೆ ಜೋಡಿಸಬಾರದು.