ಮದುವೆಯ ಮಂಟಪದಲ್ಲಿ ಮುಗಿಯುವ ಕಥೆ

ನಾವೆಲ್ಲರೂ ದಿನನಿತ್ಯ ಬಳಸುವ ‘ಕಾದಂಬರಿ’ ಎಂಬ ಮಾತು ಮೂಲದಲ್ಲಿ ಒಬ್ಬ ಪ್ರೇಮಿಕೆಯ ಹೆಸರು. ಏಳನೆಯ ಶತಮಾನದ ಬಾಣಭಟ್ಟನ ಗದ್ಯಕಾವ್ಯದ ನಾಯಿಕೆ ಆಕೆ. ಒಂದನೆಯ ನಾಗವರ್ಮನು ಆ ಕಥೆಯನ್ನು ಕನ್ನಡ ಚಂಪುವಾಗಿಸಿದನು. ಇಂದು ಎಂಥ ಗಂಭೀರ ಗ್ರಂಥವಾದರೂ ಅವಳ ಹೆಸರನ್ನು ಹೊತ್ತೇ ಅಂಗಡಿಗೆ ಬರಬೇಕು. ಆದಕಾರಣ ಹಗುರವಾದ ಪ್ರೇಮಕಥೆಯನ್ನು ಕಂಡು ಮೂಗು ಮುರಿಯುವ ಮುನ್ನ ಅದರ ವಂಶಾವಳಿಯನ್ನೊಮ್ಮೆ ನೋಡುವುದು ಒಳಿತು.

ಹನ್ನೆರಡನೆಯ ಶತಮಾನದ ನೇಮಿಚಂದ್ರನ ‘ಲೀಲಾವತಿ ಪ್ರಬಂಧ’ವನ್ನು ತೆಗೆದುಕೊಳ್ಳಿ. ಬನವಾಸಿಯ ರಾಜಕುಮಾರ ಕಂದರ್ಪದೇವನು ಕನಸಿನಲ್ಲಿ ಒಬ್ಬ ಕನ್ಯೆಯನ್ನು ಕಾಣುತ್ತಾನೆ. ಅವಳೂ ಅವನನ್ನು ಕನಸಿನಲ್ಲಿಯೇ ಕಾಣುತ್ತಾಳೆ. ಗೆಳೆಯನೊಡನೆ ಅವನು ಹುಡುಕಿ ಹೊರಡುತ್ತಾನೆ. ಅವಳು ಸಿಕ್ಕೇ ಸಿಗುವಳೆಂಬುದರಲ್ಲಿ ಯಾರಿಗೆ ಸಂದೇಹ? ಕಥೆಯ ಜಾಡೂ ಹೊಸದಲ್ಲ. ಸಂಸ್ಕೃತದಲ್ಲಿ ಸುಬಂಧುವಿನ ‘ವಾಸವದತ್ತೆ’ ಆ ದಾರಿಯನ್ನು ಮೊದಲೇ ತುಳಿದಿತ್ತು. ಕೊನೆ ತಿಳಿದಿದ್ದರೂ ನಮ್ಮ ಹಿರಿಯರು ಕೇಳಿದರು. ಕೊನೆ ತಿಳಿಯುವುದು ದೋಷವಾದರೆ ರಾಮಾಯಣವನ್ನು ಎರಡನೆಯ ಸಲ ಯಾರೂ ಕೇಳಬೇಕಾಗಿರಲಿಲ್ಲ.

ನಾನು ಹುಡುಗನಾಗಿದ್ದಾಗ ನಮ್ಮ ಅತ್ತಿಗೆಯವರು ಅಡಿಗೆಮನೆಯ ಕೆಲಸ ಮುಗಿಸಿ, ಸರ್ಕ್ಯುಲೇಟಿಂಗ್ ಲೈಬ್ರರಿಯ ಪುಸ್ತಕ ಹಿಡಿದು ಹಜಾರದಲ್ಲಿ ಕೂಡುತ್ತಿದ್ದರು. “ಕೊನೇಲಿ ಮದುವೆ ಆಗೇ ಆಗುತ್ತೆ ಅತ್ತಿಗೆ, ಯಾಕೆ ಓದ್ತೀರಿ?” ಎಂದು ಹಾಸ್ಯ ಮಾಡಿದೆ. ಅವರು ತಲೆಯೆತ್ತದೆ, “ಗೊತ್ತು ಕಣೋ. ಇಲ್ಲಾದರೂ ಮುರಿಯೋಲ್ವಲ್ಲ, ಅದಕ್ಕೇ ಓದ್ತೀನಿ” ಎಂದರು. ಅವರ ತಂಗಿಯ ಮದುವೆ ವರದಕ್ಷಿಣೆಯ ಮಾತಿನಲ್ಲಿ ಎರಡು ಸಲ ಮುರಿದಿತ್ತು. ಪಂಡಿತ ಪರೀಕ್ಷೆಯಲ್ಲಿ ನಾನು ಓದಿದ ಯಾವ ಲಕ್ಷಣಗ್ರಂಥವೂ ಇಂಥ ಕಥೆಗಳ ಪ್ರಯೋಜನವನ್ನು ಇಷ್ಟು ಚೆನ್ನಾಗಿ ಹೇಳಲಿಲ್ಲ.

ಆದರೆ ಕೊರತೆಯಿರುವುದೂ ಅಲ್ಲಿಯೇ. ಆ ಪುಸ್ತಕಗಳಲ್ಲಿ ನಾಯಕನು ಉದಾರಿಯಾದ್ದರಿಂದ ವರದಕ್ಷಿಣೆಯ ಮಾತೇ ಏಳದು. ಗರ್ವಿಷ್ಠನಾದವನು ಒಂದು ಜ್ವರದಲ್ಲಿ ಮೆತ್ತಗಾಗುತ್ತಾನೆ. 1961ರಲ್ಲಿ ಕಾಯಿದೆ ಮಾಡಿಯೂ ದೇಶ ಬಿಡಿಸಲಾರದೆ ಹೋದ ಗಂಟನ್ನು ಒಬ್ಬ ಸುಂದರ ತರುಣನ ಸದ್ಗುಣ ಬಿಡಿಸಿಬಿಡುತ್ತದೆ! ಅತ್ತಿಗೆಯವರಿಗೆ ಸಮಾಧಾನ ಸಿಕ್ಕಿತು. ಅವರ ತಂಗಿಗೆ ದಾರಿ ಸಿಗಲಿಲ್ಲ.

ಮದುವೆಯಲ್ಲಿ ಮುಗಿಯುವ ಕಥೆ ಹೀಗೆಯೇ ಇರಬೇಕಾಗಿಲ್ಲ. 1899ರಲ್ಲಿ ಗುಲ್ವಾಡಿ ವೆಂಕಟರಾಯರು ಬರೆದ ‘ಇಂದಿರಾಬಾಯಿ’ಯೂ ಮಂಟಪದಲ್ಲಿಯೇ ಮುಗಿಯುತ್ತದೆ. ಆದರೆ ಅಲ್ಲಿ ಹಸೆಮಣೆ ಏರುವವಳು ವಿಧವೆ. ಮನೆ ಬಿಟ್ಟು, ವಿದ್ಯೆ ಕಲಿತು, ಊರ ನಿಂದೆಯನ್ನು ಎದುರಿಸಿ ಅಲ್ಲಿಗೆ ಬಂದವಳು. ಓದುಗರಿಗೆ ಪ್ರಿಯವಾದ ಮುಕ್ತಾಯವನ್ನೇ ಹಿಡಿದು, ಅವರು ಒಪ್ಪದ ಮಾತನ್ನು ಗ್ರಂಥಕರ್ತರು ಅವರ ಮುಂದಿಟ್ಟರು.

ಅರವತ್ತು ವರ್ಷಗಳಾಚೆ ತ್ರಿವೇಣಿಯವರು (1928–1963) ಇನ್ನೊಬ್ಬ ಇಂದಿರೆಯನ್ನು ಸೃಷ್ಟಿಸಿದರು. ‘ಬೆಳ್ಳಿಮೋಡ’ದ ಮೋಹನನು ಬಯಸಿದ್ದು ಅವಳ ತಂದೆಯ ತೋಟವನ್ನು. ತೋಟಕ್ಕೆ ಗಂಡು ವಾರಸುದಾರ ಹುಟ್ಟುತ್ತಲೇ ಅವನ ಪ್ರೀತಿ ಬತ್ತಿತು. ಮುಂದೆ ಅವನು ಮನಸ್ಸು ತಿರುಗಿ ಬಂದಾಗ ಇಂದಿರೆ ಒಲ್ಲೆನೆನ್ನುತ್ತಾಳೆ. 1967ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರವಾಗಿಸಿದಾಗಲೂ ಆ ನಿರಾಕರಣೆ ಉಳಿಯಿತು, ಜನ ಮೆಚ್ಚಿದರು. ಸಾಮಾನ್ಯ ಓದುಗನಿಗೆ ಸಿಹಿಯೊಂದೇ ಬೇಕೆಂಬ ಮಾತು ಸುಳ್ಳಾಯಿತು.

ಇಂದು ತರಗತಿಯಲ್ಲಿ ಪಠ್ಯದೊಳಗೆ ಇಂಥ ಪುಸ್ತಕ ಅಡಗಿಸಿಟ್ಟುಕೊಂಡ ವಿದ್ಯಾರ್ಥಿನಿ ಸಿಕ್ಕಿದರೆ ನಾನು ಕಸಿದುಕೊಳ್ಳುವುದಿಲ್ಲ. “ಓದಮ್ಮ. ಮುಗಿಸಿದ ಮೇಲೆ, ಈ ಮದುವೆಯ ಖರ್ಚು ಯಾರು ಕೊಟ್ಟರು ಎಂದು ನನಗೆ ಹೇಳು” ಎನ್ನುತ್ತೇನೆ. ಪುಸ್ತಕದಲ್ಲಿ ಉತ್ತರವಿಲ್ಲದಿದ್ದರೆ ಆಕೆ ಇನ್ನೊಂದು ಪುಸ್ತಕ ಹುಡುಕಿಯಾಳು.