ಕಳಚಿಡಬೇಕಾದ ಅಂಗಿ: ಔಟ್‌ಲಾ ಬೈಕರ್ ಕ್ಲಬ್ಬುಗಳ ಒಳಗು ಹೊರಗು

ಮೋಟಾರ್‌ಸೈಕಲ್ ಸವಾರರ ಸಂಘಗಳು ಜಗತ್ತಿನ ಎಲ್ಲೆಡೆ ಇವೆ. ಭಾನುವಾರ ಮುಂಜಾನೆ ನಂದಿಬೆಟ್ಟದ ದಾರಿಯಲ್ಲಿ ಗುಂಪಾಗಿ ಸಾಗುವ ಬುಲೆಟ್ ಸವಾರರು ಬೆಂಗಳೂರಿಗರಿಗೆ ಪರಿಚಿತರೇ. ಆದರೆ ಅಮೆರಿಕದಲ್ಲಿ ಹುಟ್ಟಿ ಕೆನಡ, ಯೂರೋಪ್ ಹಾಗೂ ಆಸ್ಟ್ರೇಲಿಯಗಳಿಗೆ ಹಬ್ಬಿದ ‘ಔಟ್‌ಲಾ’ ಕ್ಲಬ್ಬುಗಳ ಸ್ವರೂಪ ಬೇರೆಯೇ. ಅಲ್ಲಿ ಸದಸ್ಯನ ಬದುಕೆಲ್ಲವೂ ಬೆನ್ನ ಮೇಲಿನ ಲಾಂಛನವೊಂದರ ಸುತ್ತ ತಿರುಗುತ್ತದೆ. ಅದನ್ನು ಗಳಿಸುವುದು ಕಷ್ಟ. ಕಳಚಿಡುವುದು ಅದಕ್ಕಿಂತಲೂ ಕಷ್ಟ.

‘ಔಟ್‌ಲಾ’ ಎಂಬ ಮಾತು ಮೊದಲಿಗೆ ಅಪರಾಧವನ್ನು ಸೂಚಿಸುತ್ತಿರಲಿಲ್ಲ. ಅಮೆರಿಕದ ಸವಾರರ ರಾಷ್ಟ್ರೀಯ ಸಂಘವಾದ ಎ.ಎಂ.ಎ.ಯ ಮಾನ್ಯತೆ ಇಲ್ಲದ ಕ್ಲಬ್ಬು ಎಂಬುದಷ್ಟೇ ಅದರ ಅರ್ಥ. 1947ರ ಜುಲೈನಲ್ಲಿ ಕ್ಯಾಲಿಫೋರ್ನಿಯದ ಹಾಲಿಸ್ಟರ್ ಎಂಬ ಸಣ್ಣ ಊರಿನ ರೇಸಿನಲ್ಲಿ ನೆರೆದ ಸವಾರರು ಕುಡಿದು ಗದ್ದಲವೆಬ್ಬಿಸಿದರು. ‘ಲೈಫ್’ ಪತ್ರಿಕೆಯ ಒಂದು ಛಾಯಾಚಿತ್ರ, ಆಮೇಲೆ 1953ರ ‘ದಿ ವೈಲ್ಡ್ ಒನ್’ ಚಲನಚಿತ್ರ ಈ ಪ್ರಸಂಗಕ್ಕೆ ದೊಡ್ಡ ಪ್ರಚಾರ ತಂದವು. ಸವಾರರಲ್ಲಿ ಶೇಕಡ 99 ಮಂದಿ ಸಜ್ಜನರು ಎಂದು ಎ.ಎಂ.ಎ. ಹೇಳಿಕೆ ನೀಡಿತೆಂದೂ, ಉಳಿದ ಆ ಶೇಕಡ ಒಂದು ತಾವೇ ಎಂದು ಈ ಕ್ಲಬ್ಬುಗಳು ಬಿಲ್ಲೆ ಧರಿಸತೊಡಗಿದವೆಂದೂ ಪ್ರತೀತಿ. ಅಂಥ ಹೇಳಿಕೆಯ ದಾಖಲೆ ತನ್ನಲ್ಲಿಲ್ಲ ಎಂದು ಸಂಘ ಹೇಳುತ್ತದೆ. ಬಿಲ್ಲೆಯಂತೂ ಉಳಿದುಕೊಂಡಿತು. 1948ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಹೆಲ್ಸ್ ಏಂಜಲ್ಸ್ ಮತ್ತು 1966ರಲ್ಲಿ ಟೆಕ್ಸಾಸಿನಲ್ಲಿ ಹುಟ್ಟಿದ ಬ್ಯಾಂಡಿಡೋಸ್ ಇವುಗಳಲ್ಲಿ ಹೆಸರಾದವು.

ಸೇರಬಯಸುವವನು ಮೊದಲು ಕ್ಲಬ್ಬಿನವರೊಡನೆ ಸುಮ್ಮನೆ ಓಡಾಡಿಕೊಂಡಿರಬೇಕು. ಬಳಿಕ ‘ಪ್ರಾಸ್ಪೆಕ್ಟ್’ ಅಂದರೆ ಉಮೇದುವಾರ. ಈ ಅವಧಿ ಸಾಮಾನ್ಯವಾಗಿ ಒಂದು ವರ್ಷಕ್ಕೆ ಕಡಿಮೆಯಿಲ್ಲ. ಬೈಕುಗಳಿಗೆ ಕಾವಲು, ಹೆಂಡದ ಕೌಂಟರಿನಲ್ಲಿ ಚಾಕರಿ, ನಡುರಾತ್ರಿ ಕರೆದರೂ ಓಡಿಬರುವುದು, ಎಲ್ಲವೂ ಅವನ ಪಾಲಿಗೆ. ಹಿಂದೆ ಪೊಲೀಸನಾಗಿದ್ದವನಿಗೆ, ಜೈಲಿನ ಕಾವಲುಗಾರನಾಗಿದ್ದವನಿಗೆ ಹೆಲ್ಸ್ ಏಂಜಲ್ಸ್‌ನಲ್ಲಿ ಪ್ರವೇಶವೇ ಇಲ್ಲ. ಹೆಂಗಸರಿಗೂ ಸದಸ್ಯತ್ವವಿಲ್ಲ. ಕೊನೆಗೆ ಶಾಖೆಯ ಸದಸ್ಯರು ಮತ ಹಾಕಿ ಒಪ್ಪಿದರೆ ತೋಳಿಲ್ಲದ ಅಂಗಿಯ ಬೆನ್ನಿಗೆ ಪೂರ್ಣ ಲಾಂಛನ ಬರುತ್ತದೆ: ಮೇಲೆ ಕ್ಲಬ್ಬಿನ ಹೆಸರು, ನಡುವೆ ಚಿಹ್ನೆ, ಕೆಳಗೆ ಪ್ರದೇಶದ ಹೆಸರು. ಕೆಳಗಿನ ಆ ಪಟ್ಟಿಯನ್ನು ಒಂದು ಕ್ಲಬ್ಬು ಇನ್ನೊಂದರ ನೆಲದಲ್ಲಿ ತೊಟ್ಟದ್ದಕ್ಕೇ ಕಾದಾಟಗಳು ನಡೆದಿವೆ. ವಾರದ ಕಡ್ಡಾಯ ಸಭೆಗೆ ‘ಚರ್ಚ್’ ಎಂದು ಹೆಸರು. ದೇವರಿಗೂ ಅದಕ್ಕೂ ನಂಟಿಲ್ಲ. ಅಧ್ಯಕ್ಷ, ಉಪಾಧ್ಯಕ್ಷ, ಖಜಾಂಚಿ, ಶಿಸ್ತು ಕಾಯುವ ಸಾರ್ಜೆಂಟ್ ಎಂಬ ಹುದ್ದೆಗಳನ್ನು ನೋಡಿದರೆ ಯಾವುದೋ ಸಹಕಾರ ಸಂಘದ ನೆನಪಾದೀತು.

ಈ ಕಟ್ಟುಪಾಡಿನ ಒಂದು ನಿಯಮ ಎಲ್ಲಕ್ಕಿಂತ ಮುಖ್ಯ. ಲಾಂಛನ ತೊಟ್ಟವನ ಸ್ವತ್ತಲ್ಲ, ಕ್ಲಬ್ಬಿನದು. ಬಿಟ್ಟು ಹೋಗುವವನು ಅದನ್ನು ಹಿಂದಿರುಗಿಸಲೇಬೇಕು. ಹೋದ ಬಗೆಯನ್ನು ತೀರ್ಮಾನಿಸುವವರೂ ಉಳಿದವರೇ. ವಯಸ್ಸು, ಕಾಯಿಲೆ, ಸಂಸಾರ ಇತ್ಯಾದಿ ಕಾರಣಗಳಿಂದ ಒಪ್ಪಿಗೆ ಪಡೆದು ಹೋದವನು ಗೌರವದಿಂದ ಹೋದವನು. ಅವನು ಹಚ್ಚೆಯ ಬದಿಯಲ್ಲಿ ಬಿಟ್ಟ ದಿನಾಂಕವನ್ನು ಹಾಕಿಸಿಕೊಳ್ಳುತ್ತಾನೆ. ಹಳೆಯ ಗೆಳೆಯರ ಮನೆಗೆ ಹೋಗಿಬರಬಹುದು. ‘ಔಟ್ ಬ್ಯಾಡ್’ ಎನಿಸಿಕೊಂಡವನೊಡನೆ ಯಾವ ಸದಸ್ಯನೂ ಮಾತನಾಡುವಂತಿಲ್ಲ. ಅವನ ಹಚ್ಚೆ ಅಳಿಸಬೇಕು ಇಲ್ಲವೇ ಕಪ್ಪು ಶಾಯಿಯಲ್ಲಿ ಮುಚ್ಚಬೇಕು. ಬೈಕನ್ನೇ ಕಿತ್ತುಕೊಂಡ, ಹೊಡೆದು ಬಡಿದ ಪ್ರಕರಣಗಳು ನ್ಯಾಯಾಲಯಗಳ ಮುಂದೆ ಬಂದಿವೆ.

ಜಾರ್ಜ್ ಕ್ರಿಸ್ಟಿಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಕ್ಯಾಲಿಫೋರ್ನಿಯದ ವೆಂಚುರಾ ಶಾಖೆಯನ್ನು ಮೂರು ದಶಕಗಳಿಗೂ ಹೆಚ್ಚು ಕಾಲ ಮುನ್ನಡೆಸಿದ ಈತ, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ ಜ್ಯೋತಿಯನ್ನೂ ಹಿಡಿದು ಓಡಿದ್ದ. 2011ರಲ್ಲಿ ತಾನಾಗಿ ಹೊರಬಂದ. ಮೊದಲು ಗೌರವದ ಬೀಳ್ಕೊಡುಗೆ ಎಂದಿದ್ದ ಕ್ಲಬ್ಬು ಕೆಲವೇ ವಾರಗಳಲ್ಲಿ ಮನಸ್ಸು ಬದಲಿಸಿ ಅವನನ್ನು ‘ಔಟ್ ಬ್ಯಾಡ್’ ಎಂದು ಸಾರಿತು. ಬದುಕಿನ ಬಹುಭಾಗವನ್ನು ಜೊತೆಯಲ್ಲಿ ಕಳೆದವರು ಒಮ್ಮೆಗೇ ಮಾತು ಬಿಟ್ಟರು. 2016ರಲ್ಲಿ ಬಂದ ಅವನ ಆತ್ಮಕಥೆಯ ಶೀರ್ಷಿಕೆಯಲ್ಲೇ ‘ಗಡೀಪಾರು’ ಎಂಬರ್ಥದ ಪದವಿದೆ.

ಕ್ರಿಸ್ಟಿ ಜೀವವನ್ನಾದರೂ ಉಳಿಸಿಕೊಂಡ. ಕೆನಡದ ಕ್ವಿಬೆಕ್ ಪ್ರಾಂತ್ಯದಲ್ಲಿ ಎಲ್ಲರಿಗೂ ಆ ಅದೃಷ್ಟವಿರಲಿಲ್ಲ. 1985ರ ಮಾರ್ಚ್ 24ರಂದು ಲೆನಾಕ್ಸ್‌ವಿಲ್‌ನ ಕ್ಲಬ್ ಮನೆಗೆ ಸಭೆಯ ನೆಪದಲ್ಲಿ ಕರೆಸಲಾದ ಲಾವಾಲ್ ಶಾಖೆಯ ಐವರು ಹೆಲ್ಸ್ ಏಂಜಲ್ಸ್ ಸದಸ್ಯರನ್ನು ಅವರ ಸ್ವಂತ ಕ್ಲಬ್ಬಿನವರೇ ಗುಂಡಿಕ್ಕಿ ಕೊಂದರು. ಮಾದಕ ವಸ್ತುವಿನ ಹಣ ನುಂಗಿದರು, ಸರಕನ್ನೂ ತಾವೇ ಸೇದಿದರು ಎಂಬುದು ಆರೋಪ. ಶವಗಳನ್ನು ಮಲಗುವ ಚೀಲಗಳಲ್ಲಿ ತುಂಬಿ ಸೇಂಟ್ ಲಾರೆನ್ಸ್ ನದಿಗೆ ಎಸೆಯಲಾಯಿತು. ಅದೇ ಶಾಖೆಯ ಈವ್ ಟ್ರುಡೊ ಆಗ ವ್ಯಸನಮುಕ್ತಿ ಕೇಂದ್ರದಲ್ಲಿದ್ದುದರಿಂದ ಬದುಕುಳಿದ. ತನ್ನ ತಲೆಗೂ ಬೆಲೆ ಕಟ್ಟಲಾಗಿದೆ ಎಂದರಿತು ಪೊಲೀಸರ ಮಾಹಿತಿದಾರನಾದ. 43 ಹತ್ಯೆಗಳಲ್ಲಿ ತನ್ನ ಪಾತ್ರವನ್ನು ಒಪ್ಪಿಕೊಂಡ. ಹೊರಬರುವ ದಾರಿ ಅವನಿಗೆ ತೆರೆದದ್ದು ಹೀಗೆ. ಸತ್ತವರ ಮನೆಯವರಿಗೆ ಅದರಿಂದ ಎಷ್ಟು ಸಮಾಧಾನ ಸಿಕ್ಕಿತೆಂಬುದು ಬೇರೆ ಮಾತು.

ಮುಂದೆ ಇದೇ ಪ್ರಾಂತ್ಯದಲ್ಲಿ 1994ರಲ್ಲಿ ಮೊದಲಾದ ಬೈಕರ್ ಕಾಳಗ 150ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 1995ರಲ್ಲಿ ಕಾರ್ ಬಾಂಬಿಗೆ ಸಿಕ್ಕಿ ಹನ್ನೊಂದು ವರ್ಷದ ಬಾಲಕನೊಬ್ಬ ಸತ್ತ ಮೇಲೆ ಜನಾಕ್ರೋಶ ಭುಗಿಲೆದ್ದು, 1997ರಲ್ಲಿ ಕೆನಡ ಸಂಸತ್ತು ಗ್ಯಾಂಗು ವಿರೋಧಿ ಕಾಯಿದೆ ತಂದಿತು.

ಕ್ಲಬ್ಬುಗಳ ಪರ ವಾದವೂ ಇದೆ. ಅಪರಾಧ ಎಸಗುವವರು ಬಿಡಿ ವ್ಯಕ್ತಿಗಳು, ಸಂಸ್ಥೆಯಲ್ಲ ಎನ್ನುವುದು ಅವುಗಳ ಹಳೆಯ ನಿಲುವು. 2015ರಲ್ಲಿ ಟೆಕ್ಸಾಸಿನ ವೇಕೊದಲ್ಲಿ ಒಂಬತ್ತು ಮಂದಿ ಸತ್ತ ಗಲಭೆಯ ಬಳಿಕ 177 ಬೈಕರುಗಳನ್ನು ಸಾರಾಸಗಟಾಗಿ ಬಂಧಿಸಲಾಯಿತಾದರೂ ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಆದರೂ ಸರಕಾರಗಳು ಲಾಂಛನವನ್ನೇ ಗುರಿಯಾಗಿಸುತ್ತಿವೆ. ನೆದರ್ಲೆಂಡ್ಸಿನ ನ್ಯಾಯಾಲಯ 2019ರಲ್ಲಿ ಹೆಲ್ಸ್ ಏಂಜಲ್ಸನ್ನು ನಿಷೇಧಿಸಿತು. ಡೆನ್ಮಾರ್ಕಿನಲ್ಲಿ ಗ್ಯಾಂಗು ಬಿಡಬಯಸುವವರಿಗೆ ಪೊಲೀಸ್, ಜೈಲು ಇಲಾಖೆ ಮತ್ತು ಸ್ಥಳೀಯ ಆಡಳಿತಗಳು ಕೂಡಿ ನೆರವಾಗುವ ವ್ಯವಸ್ಥೆಯಿದೆ. ನ್ಯೂಜಿಲೆಂಡಿನಲ್ಲಿ 2024ರ ನವೆಂಬರಿನಿಂದ ಸಾರ್ವಜನಿಕ ಸ್ಥಳದಲ್ಲಿ ಗ್ಯಾಂಗುಗಳ ಲಾಂಛನ ತೊಡುವುದೇ ಅಪರಾಧ. ಅಂಗಿಯನ್ನು ಪೊಲೀಸರು ಕಿತ್ತುಕೊಳ್ಳಬಹುದು. ಮೈಮೇಲಿನ ಹಚ್ಚೆಗೆ ಆ ಕಾಯಿದೆ ಅನ್ವಯಿಸುವುದಿಲ್ಲ.