ಹೋಲುತ್ತೆ, ಆದ್ರೆ ಅದೇ ಅಲ್ಲ: ಒಂದು ಕಪ್ಪೆಚಿಪ್ಪಿನ ಹೆಸರಿನ ಕಥೆ

ಭಾಗ 1/8

ಬೀಚಿಗೆ ಹೋಗಿ ಒಂದಾದ್ರೂ ಚಿಪ್ಪು ಹೆಕ್ಕದೆ ವಾಪಸ್ ಬಂದವರು ನಿಮ್ಮಲ್ಲಿ ಯಾರಾದ್ರೂ ಇದ್ದೀರಾ? ನನಗಂತೂ ಅನುಮಾನ. ಮನೆಗೆ ತಂದು ಡಬ್ಬಿಗೆ ಹಾಕಿಟ್ಟ ಮೇಲೆ ಬರೋದು ಒಂದೇ ಪ್ರಶ್ನೆ: ಇದರ ಹೆಸರೇನು? ಮಂಗಳೂರು ಕಡೆಯವರು ಮರುವಾಯಿ ಅಂತಾರೆ, ಅಘನಾಶಿನಿ ಕಡೆಯವರು ಬಳಚು ಅಂತಾರೆ, ಪಠ್ಯಪುಸ್ತಕ ಕಪ್ಪೆಚಿಪ್ಪು ಅನ್ನುತ್ತೆ. ಎಲ್ಲವೂ ಸರಿಯೇ. ಆದರೆ ಇಂಥ ಒಂದೊಂದು ಹೆಸರಿನ ಕೆಳಗೂ ಹಲವು ಜಾತಿಗಳು ಕೂತಿರಬಹುದು.

ಇವತ್ತಿನ ಕಥೆ ನಮ್ಮ ಕಡಲಿನದ್ದಲ್ಲ. ಅಮೆರಿಕದ ಅಟ್ಲಾಂಟಿಕ್ ತೀರದ ಸರ್ಫ್ ಕ್ಲಾಮ್‌ದು. ಅಲ್ಲೂ ಇದೇ ಗೋಳು: ಕೆಲವರಿಗೆ ಅದು ಹೆನ್ ಕ್ಲಾಮ್, ಕೆಲವರಿಗೆ ಸೀ ಕ್ಲಾಮ್, ಕೆನಡಾದವರಿಗೆ ಬಾರ್ ಕ್ಲಾಮ್. ವಿಜ್ಞಾನದಲ್ಲಿ ಮಾತ್ರ ಒಂದೇ ಹೆಸರು, ಸ್ಪಿಸುಲಾ ಸಾಲಿಡಿಸಿಮಾ. ಈ ಎರಡು ಪದ ಒಟ್ಟಿಗೆ ಸೇರೋಕೆ ಎಷ್ಟು ಜನ ಬೇಕಾಯ್ತು, ಆಮೇಲೂ ಏನು ತಪ್ಪಿಹೋಯ್ತು ಅನ್ನೋದೇ ಈ ಸರಣಿ.

ಭಾಗ 2/8

ಮೊದಲು ಚಿಪ್ಪನ್ನ ಸರಿಯಾಗಿ ನೋಡೋಣ. ಹೊರಗಿನಿಂದ ನೋಡಿದ್ರೆ ಅಂಥಾ ವಿಶೇಷ ಏನಿಲ್ಲ. ಮೂಲೆಗಳನ್ನ ತೀಡಿದ ತ್ರಿಕೋನದ ಆಕಾರ, ಹಳದಿ ಬೆರೆತ ಬಿಳಿ ಬಣ್ಣ, ಮೇಲೆ ತೆಳುವಾದ ಕಂದು ಸಿಪ್ಪೆ, ಒಂದರ ಹಿಂದೊಂದು ಬೆಳವಣಿಗೆಯ ಗೆರೆಗಳು. ಗಾತ್ರ ಮಾತ್ರ ದೊಡ್ಡದು, 20 ಸೆಂಟಿಮೀಟರ್ ದಾಟಿ ಬೆಳೆಯುತ್ತೆ. ಅಂದ್ರೆ ನಿಮ್ಮ ಅಂಗೈಗಿಂತ ದೊಡ್ಡ ಚಿಪ್ಪು! ಆಯಸ್ಸು 30 ವರ್ಷಕ್ಕೂ ಹೆಚ್ಚು. ಅಲೆ ಒಡೆಯೋ ಜಾಗದಿಂದ ಹಿಡಿದು ಸುಮಾರು 60 ಮೀಟರ್ ಆಳದವರೆಗೆ ಮರಳಿನಲ್ಲಿ ಹುದುಗಿಕೊಂಡಿರುತ್ತೆ.

ಗುರುತು ಹಿಡಿಯೋ ಗುಟ್ಟು ಇರೋದು ಒಳಗೆ. ಎರಡು ಚಿಪ್ಪು ಸೇರೋ ಕೀಲಿನ ಹತ್ತಿರ ಚಮಚದ ಥರ ಒಂದು ಗುಳಿ ಇದೆ. ಅದರಲ್ಲಿ ರಬ್ಬರಿನಂಥ ಒಂದು ಮೆತ್ತೆ ಕೂತಿರುತ್ತೆ. ಸ್ನಾಯು ಸಡಿಲವಾದ ತಕ್ಷಣ ಚಿಪ್ಪು ತೆರೆದುಕೊಳ್ಳೋದು ಈ ಮೆತ್ತೆಯ ಒತ್ತಡದಿಂದ. ಅದರ ಪಕ್ಕದಲ್ಲಿ ತಲೆಕೆಳಗಾದ 'ವಿ' ಆಕಾರದ ಒಂದು ಹಲ್ಲು. ಇವೆರಡೂ ಕಂಡರೆ ಅದು ಮ್ಯಾಕ್ಟ್ರಿಡೇ ಕುಟುಂಬ. ಅಕ್ಕಪಕ್ಕದ ಉದ್ದನೆಯ ಹಲ್ಲುಗಳ ಮೇಲೆ ಗರಗಸದಂಥ ಸಣ್ಣ ಸಣ್ಣ ಗೀರುಗಳಿದ್ದರೆ, ನಮ್ಮ ಸರ್ಫ್ ಕ್ಲಾಮ್‌ನ ಹತ್ತಿರ ಬಂದ್ವಿ ಅಂತ ಅರ್ಥ.

ಬಣ್ಣ, ಗಾತ್ರ ಎರಡೂ ಮೋಸ ಮಾಡುತ್ತವೆ. ಕೀಲು ಅಷ್ಟು ಸುಲಭಕ್ಕೆ ಮೋಸ ಮಾಡಲ್ಲ.

ಭಾಗ 3/8

ಈಗ ಹೆಸರಿಗೆ ಬರೋಣ. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಪ್ರಾಣಿಗಳಿಗೆಲ್ಲ ಎರಡು ಪದದ ಹೆಸರು ಇಡೋ ಪದ್ಧತಿ ಹಾಕಿಕೊಟ್ಟ. ಮೊದಲ ಪದ ಕುಲ, ಎರಡನೇದು ಜಾತಿ. 1767ರಲ್ಲಿ ಈ ಗುಂಪಿನ ಚಿಪ್ಪುಗಳಿಗೆ ಮ್ಯಾಕ್ಟ್ರಾ ಅನ್ನೋ ಕುಲದ ಹೆಸರು ಕೊಟ್ಟ. ಅದರ ಮೂಲ ಗ್ರೀಕ್, ಅರ್ಥ ಹಿಟ್ಟು ನಾದೋ ಪಾತ್ರೆ. ಅಜ್ಜಿ ಮನೆಯಲ್ಲಿ ಮರದ ಮರಿಗೆ ನೋಡಿದ್ದೀರಲ್ಲ, ಅದೇ!

ಆಮೇಲೆ ಬಂದವನು ಯೊಹಾನ್ ಹಿರೋನಿಮಸ್ ಕೆಮ್ನಿಟ್ಸ್, ಕೋಪನ್‌ಹೇಗನ್ನಿನ ಒಬ್ಬ ಪಾದ್ರಿ. ಜರ್ಮನ್ ಭಾಷೆಯಲ್ಲಿ, ಬಣ್ಣದ ಚಿತ್ರಗಳ ಜೊತೆ ಬರುತ್ತಿದ್ದ ದೊಡ್ಡ ಚಿಪ್ಪು ಗ್ರಂಥವನ್ನ ಮಾರ್ಟಿನಿ ಅನ್ನೋನು ಶುರು ಮಾಡಿ ತೀರಿಕೊಂಡಿದ್ದ. ಅದನ್ನ ಮುಂದುವರಿಸಿದ್ದು ಕೆಮ್ನಿಟ್ಸ್. ನಮ್ಮ ಪಕ್ಕದ ತಮಿಳುನಾಡಿನ ತರಂಗಂಬಾಡಿ ಆಗ ಡೆನ್ಮಾರ್ಕಿನವರ ಕೈಲಿತ್ತು. ಅಲ್ಲಿನ ಮಿಷನರಿಗಳು ಕಳಿಸಿದ ಚಿಪ್ಪುಗಳೂ ಇವನ ಮೇಜಿಗೆ ಬರುತ್ತಿದ್ದವು. ಕಡಲು ಯಾರದ್ದೋ, ಹೆಸರಿಡೋ ಮೇಜು ಯುರೋಪಿನದ್ದು.

ಅಮೆರಿಕದ ನಮ್ಮ ದಪ್ಪ ಚಿಪ್ಪಿಗೆ ಅವನು ಮ್ಯಾಕ್ಟ್ರಾ ಸಾಲಿಡಿಸಿಮಾ ಅಂದ. ಲ್ಯಾಟಿನ್‌ನಲ್ಲಿ 'ಅತ್ಯಂತ ಗಟ್ಟಿ'. ಹತ್ತೊಂಬತ್ತನೇ ಶತಮಾನದ ಅಮೆರಿಕದ ಪುಸ್ತಕಗಳಲ್ಲೂ ಈ ಹೆಸರಿನ ಮುಂದೆ ಅವನ ಹೆಸರೇ ಇರುತ್ತಿತ್ತು. ಈಗ ಇಲ್ಲ. ಯಾಕೆ?

ಭಾಗ 4/8

ಯಾಕಂದ್ರೆ ಕೆಮ್ನಿಟ್ಸ್ ಎರಡು ಪದದ ನಿಯಮವನ್ನ ಎಲ್ಲ ಕಡೆ ಪಾಲಿಸಿರಲಿಲ್ಲ. ಕೆಲವಕ್ಕೆ ಎರಡು ಪದ, ಕೆಲವಕ್ಕೆ ಉದ್ದುದ್ದ ವರ್ಣನೆ. ಹಾಗಾಗಿ ಪ್ರಾಣಿಗಳ ಹೆಸರಿನ ಬಗ್ಗೆ ತೀರ್ಪು ಕೊಡೋ ಅಂತರರಾಷ್ಟ್ರೀಯ ಆಯೋಗ ಆ ಸಂಪುಟಗಳಲ್ಲಿ ಅವನಿಟ್ಟ ಹೆಸರುಗಳನ್ನ ಲೆಕ್ಕಕ್ಕೆ ತಗೊಳ್ಳಲಿಲ್ಲ. ಆಗ ಪಟ್ಟ ಸಿಕ್ಕಿದ್ದು ಅದೇ ಹೆಸರನ್ನ ನಿಯಮದ ಪ್ರಕಾರ ಮೊದಲು ಅಚ್ಚು ಹಾಕಿದವನಿಗೆ: ಲೂಯಿಸ್ ವೆಸ್ಟನ್ ಡಿಲ್ವಿನ್, 1817.

ಡಿಲ್ವಿನ್ ವೇಲ್ಸ್‌ನ ಸ್ವಾನ್ಸಿ ಊರಲ್ಲಿ ಪಿಂಗಾಣಿ ಕಾರ್ಖಾನೆ ನಡೆಸುತ್ತಿದ್ದವನು. ಆಗ ಗೊತ್ತಿದ್ದ ಚಿಪ್ಪುಗಳನ್ನೆಲ್ಲ ಲಿನೇಯಸ್ ಕ್ರಮದಲ್ಲಿ ಜೋಡಿಸಿ, ಯಾವ ಚಿಪ್ಪಿಗೆ ಯಾರ‍್ಯಾರು ಏನೇನು ಹೆಸರಿಟ್ಟಿದ್ದಾರೆ ಅಂತ ತಾಳೆ ನೋಡಿ ಎರಡು ಸಂಪುಟ ಬರೆದ. ಗ್ಲಾಮರ್ ಇಲ್ಲದ ಕೆಲಸ, ಒಪ್ಪಿದೆ. ಆದರೆ ಹೆಸರು ನಿಂತಿದ್ದು ಅದರಿಂದಲೇ.

ಮರುವರ್ಷ, 1818ರಲ್ಲಿ, ಪ್ಯಾರಿಸ್‌ನ ಲಾಮಾರ್ಕ್ ಇದೇ ಚಿಪ್ಪಿಗೆ ಮ್ಯಾಕ್ಟ್ರಾ ಜೈಗಾಂಟಿಯಾ ಅಂತ ಹೆಸರಿಟ್ಟ, 'ದೈತ್ಯ' ಅನ್ನೋ ಅರ್ಥದಲ್ಲಿ. ಹೌದು, ಬಯಾಲಜಿ ಪಾಠದಲ್ಲಿ ಜಿರಾಫೆ ಕುತ್ತಿಗೆ ಜೊತೆ ಬರೋ ಅದೇ ಲಾಮಾರ್ಕ್! ಹೆಸರೇನೋ ಚೆನ್ನಾಗಿದೆ, ಆದರೆ ಒಂದು ವರ್ಷ ತಡವಾಯ್ತು. ಮೊದಲು ಬಂದದ್ದಕ್ಕೇ ಹಕ್ಕು.

ಫೋಟೊ ಹಾಕೋ ಆಪ್‌ನಲ್ಲಿ ಇದನ್ನ ಹೇಳದೇ ಇರೋಕಾಗಲ್ಲ: ಈ ಡಿಲ್ವಿನ್‌ನ ಮಗ ಜಾನ್ ಡಿಲ್ವಿನ್ ಲೆವೆಲಿನ್, ಮಗಳು ಮೇರಿ ಡಿಲ್ವಿನ್, ಇಬ್ಬರೂ ಬ್ರಿಟನ್ನಿನ ಮೊಟ್ಟಮೊದಲ ಫೋಟೊಗ್ರಾಫರ್‌ಗಳ ಸಾಲಿನವರು.

ಭಾಗ 5/8

ಇಷ್ಟರಲ್ಲಿ ಅಮೆರಿಕದವರೂ ಸುಮ್ಮನೆ ಕೂತಿರಲಿಲ್ಲ. ನಮ್ಮ ನೆಲದ ಪ್ರಾಣಿಗಳನ್ನ ನಾವೇ ವರ್ಣಿಸಬೇಕು ಅಂತ ಹಟ ಹಿಡಿದವರಲ್ಲಿ ಫಿಲಡೆಲ್ಫಿಯಾದ ಥಾಮಸ್ ಸೇ ಮುಖ್ಯ. 1812ರಲ್ಲಿ ಅಲ್ಲಿನ ನ್ಯಾಚುರಲ್ ಸೈನ್ಸಸ್ ಅಕಾಡೆಮಿ ಕಟ್ಟಿದವರಲ್ಲಿ ಇವನೂ ಒಬ್ಬ. ಕಾಯೋಟಿ ಅನ್ನೋ ತೋಳದಂಥ ಪ್ರಾಣಿಗೆ ವಿಜ್ಞಾನದ ಹೆಸರು ಕೊಟ್ಟಿದ್ದೂ ಇವನೇ. ಅಮೆರಿಕದ ಚಿಪ್ಪುಗಳ ಬಗ್ಗೆ ಮುಂದೆ ಇವನು ಬರೆದ ಪುಸ್ತಕದ ಹೆಚ್ಚಿನ ಚಿತ್ರಗಳನ್ನ ಬಿಡಿಸಿದವಳು ಹೆಂಡತಿ ಲೂಸಿ ಸೇ. 1841ರಲ್ಲಿ ಅವಳು ಅದೇ ಅಕಾಡೆಮಿಯ ಮೊದಲ ಮಹಿಳಾ ಸದಸ್ಯೆಯಾದಳು.

1822ರಲ್ಲಿ ಸೇ ಇನ್ನೊಂದು ಚಿಪ್ಪನ್ನ ವರ್ಣಿಸಿ ಮ್ಯಾಕ್ಟ್ರಾ ಸಿಮಿಲಿಸ್ ಅಂತ ಹೆಸರಿಟ್ಟ. ಸಿಮಿಲಿಸ್ ಅಂದ್ರೆ 'ಹೋಲುವಂಥದ್ದು'. ಎಷ್ಟು ಪ್ರಾಮಾಣಿಕ ಹೆಸರು ನೋಡಿ. ಹೋಲುತ್ತೆ ಅಂತ ಒಪ್ಪಿಕೊಳ್ಳುತ್ತಲೇ ಬೇರೆ ಜಾತಿ ಅಂತ ಪಟ್ಟಿಗೆ ಸೇರಿಸಿದ್ದಾನೆ.

ಮುಂದಿನವರಿಗೆ ಇದು ಒಪ್ಪಿಗೆಯಾಗಲಿಲ್ಲ. ದಕ್ಷಿಣದ ಬೆಚ್ಚನೆ ನೀರಿನಲ್ಲಿ ಸಿಗೋ ಈ ಚಿಕ್ಕ ಚಿಪ್ಪು ಸಾಲಿಡಿಸಿಮಾದ್ದೇ ಒಂದು ಉಪಜಾತಿ ಅಂತ ಕೆಳಗಿಳಿಸಿದರು.

ಭಾಗ 6/8

ಇನ್ನು ಮೊದಲ ಪದ. ಮ್ಯಾಕ್ಟ್ರಾ ಅನ್ನೋ ಮರಿಗೆಯಲ್ಲಿ ಚಿಪ್ಪುಗಳು ತುಂಬಿ ತುಳುಕೋಕೆ ಶುರುವಾದವು. 1837ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಜಾನ್ ಎಡ್ವರ್ಡ್ ಗ್ರೇ ಕೆಲವನ್ನ ಬೇರೆ ತೆಗೆದು ಸ್ಪಿಸುಲಾ ಅನ್ನೋ ಹೊಸ ಕುಲ ಮಾಡಿದ. ನಮ್ಮ ಸಾಲಿಡಿಸಿಮಾ ಕೊನೆಗೆ ಆ ಮನೆಗೆ ಸೇರಿತು. ಆಧಾರ ಏನು ಗೊತ್ತಾ? ಮತ್ತೆ ಕೀಲು! ಮ್ಯಾಕ್ಟ್ರಾದಲ್ಲಿ ಒಳಗಿನ ಮೆತ್ತೆಗೂ ಹೊರಗಿನ ಕಟ್ಟಿಗೂ ನಡುವೆ ಚಿಪ್ಪಿನದೇ ಒಂದು ಸಣ್ಣ ಗೋಡೆ ಇರುತ್ತೆ. ಸ್ಪಿಸುಲಾದಲ್ಲಿ ಆ ಗೋಡೆ ಇಲ್ಲ.

ಈಗ ಪೂರ್ತಿ ಹೆಸರು ಹೀಗೆ ಬರೆಯುತ್ತಾರೆ: ಸ್ಪಿಸುಲಾ ಸಾಲಿಡಿಸಿಮಾ (ಡಿಲ್ವಿನ್, 1817). ಆ ಕಂಸ ಅಲಂಕಾರಕ್ಕಲ್ಲ. 'ಇವನು ಹೆಸರಿಟ್ಟಾಗ ಇದು ಬೇರೆ ಕುಲದಲ್ಲಿತ್ತು, ಆಮೇಲೆ ಜಾಗ ಬದಲಾಯ್ತು' ಅಂತ ಅದರ ಅರ್ಥ. ಒಂದು ಜೊತೆ ಕಂಸದಲ್ಲಿ ಅಷ್ಟೂ ಇತಿಹಾಸ!

ಭಾಗ 7/8

'ಸರಿ ಕಣೋ, ಎರಡು ಚಿಪ್ಪನ್ನ ಒಂದೇ ಅಂದ್ರೆ ಯಾರಿಗೇನು ನಷ್ಟ?' ಅಂತ ಕೇಳ್ತೀರಾ? ಕೇಳಬೇಕಾದ ಪ್ರಶ್ನೆಯೇ.

ಸರ್ಫ್ ಕ್ಲಾಮ್ ಅಮೆರಿಕದಲ್ಲಿ ದೊಡ್ಡ ವ್ಯಾಪಾರ. ಅಲ್ಲಿನ ಹೋಟೆಲ್‌ಗಳಲ್ಲಿ ಸಿಗೋ ಕರಿದ ಕ್ಲಾಮ್ ಸ್ಟ್ರಿಪ್, ಚೌಡರ್ ಸೂಪು, ಎಲ್ಲಕ್ಕೂ ಇದೇ ಮಾಂಸ. 1977ರಿಂದ ಎಷ್ಟು ಹಿಡಿಯಬಹುದು ಅನ್ನೋದಕ್ಕೆ ಸರ್ಕಾರದ ಮಿತಿ ಇದೆ. 1990ರಲ್ಲಿ ಹಡಗಿನ ಮಾಲೀಕರಿಗೆ ಪಾಲು ಹಂಚಿಕೊಡೋ ಪದ್ಧತಿ ಬಂತು. ಆ ದೇಶದ ಕೇಂದ್ರ ಸರ್ಕಾರದ ಮೀನುಗಾರಿಕೆಯಲ್ಲಿ ಅಂಥದ್ದು ಅದೇ ಮೊದಲು. ಈ ಲೆಕ್ಕಕ್ಕೆಲ್ಲ ಬುನಾದಿ ಏನು? ಈ ಜೀವಿ ಎಷ್ಟು ವರ್ಷ ಬದುಕುತ್ತೆ, ಎಷ್ಟು ಬೇಗ ಬೆಳೆಯುತ್ತೆ, ಎಲ್ಲಿರುತ್ತೆ ಅನ್ನೋದು.

2005ರಲ್ಲಿ ಮ್ಯಾಥ್ಯೂ ಹೇರ್ ಮತ್ತು ಜೇಮ್ಸ್ ವೈನ್‌ಬರ್ಗ್ ಇವುಗಳ ಡಿಎನ್‌ಎ ಹೋಲಿಸಿದರು. ಎರಡೂ ಸ್ಪಷ್ಟವಾಗಿ ಬೇರೆ ಬೇರೆ ವಂಶಗಳು ಅಂತ ಗೊತ್ತಾಯ್ತು. ಸಾಲಿಡಿಸಿಮಾ 30 ವರ್ಷ ದಾಟಿದರೆ, ಜಾರ್ಜಿಯಾ ತೀರದ ಸಿಮಿಲಿಸ್ ಬದುಕೋದು ನಾಲ್ಕೈದು ವರ್ಷ. ಒಂದರ ಆಯಸ್ಸಿನ ಲೆಕ್ಕ ಇನ್ನೊಂದಕ್ಕೆ ಹಾಕಿದ್ರೆ ಏನಾಗುತ್ತೆ ಯೋಚಿಸಿ.

ಇಷ್ಟಕ್ಕೇ ಮುಗೀಲಿಲ್ಲ. ದಕ್ಷಿಣದ್ದು ಅಂದುಕೊಂಡಿದ್ದ ಸಿಮಿಲಿಸ್ ಉತ್ತರಕ್ಕಿರೋ ನ್ಯೂಯಾರ್ಕ್‌ನ ಲಾಂಗ್ ಐಲ್ಯಾಂಡ್ ಸೌಂಡ್‌ನಲ್ಲೂ ಇದೆ ಅಂತ 2010ರಲ್ಲಿ ಪ್ರಕಟವಾಯ್ತು. ಅಲ್ಲಿನ ಮೀನುಗಾರರು ಅದನ್ನ ಹಿಡಿದು ಮಾರುತ್ತಲೇ ಇದ್ದರು. ಬಲೆಗೆ ಬಿದ್ದಿತ್ತು, ಪಟ್ಟಿಗೆ ಬಿದ್ದಿರಲಿಲ್ಲ!

ಭಾಗ 8/8

ಈಗ ಸಮುದ್ರ ಬಿಸಿಯಾಗುತ್ತಿದೆ. ಸಾಲಿಡಿಸಿಮಾಗೆ ತಣ್ಣನೆ ನೀರೇ ಬೇಕು. ದಕ್ಷಿಣದ ತೀರದ ಹತ್ತಿರ, ಆಳವಿಲ್ಲದ ಕಡೆ ಅದು ಕಡಿಮೆಯಾಗಿ, ಅದರ ನೆಲೆ ಹೆಚ್ಚು ಆಳದ ಕಡೆಗೆ ಸರಿಯುತ್ತಿದೆ ಅಂತ ವೈನ್‌ಬರ್ಗ್ 2005ರಲ್ಲೇ ಇನ್ನೊಂದು ಅಧ್ಯಯನದಲ್ಲಿ ತೋರಿಸಿದ್ದರು. ಸಿಮಿಲಿಸ್ ಬೆಚ್ಚನೆ ನೀರು ತಡೆದುಕೊಳ್ಳುತ್ತೆ. ಎರಡನ್ನೂ ಒಂದೇ ಅಂತ ಎಣಿಸಿದರೆ, ಒಂದು ಜಾಗ ಖಾಲಿ ಮಾಡ್ತಿರೋದೂ ಕಾಣಲ್ಲ, ಇನ್ನೊಂದು ಅಲ್ಲಿ ನೆಲೆಯೂರಿದರೆ ಅದೂ ಕಾಣಲ್ಲ. ಒಟ್ಟು ಸಂಖ್ಯೆ ಮಾತ್ರ ಚೆನ್ನಾಗಿರುತ್ತೆ.

ಹಾಗಂತ ಸೇ ಗೆದ್ದ, ಉಳಿದವರು ಸೋತರು ಅಂತಲ್ಲ. ಚಿಪ್ಪನ್ನಷ್ಟೇ ನೋಡಿದ್ರೆ ಇವೆರಡನ್ನ ಬೇರ್ಪಡಿಸೋದು ನಿಜಕ್ಕೂ ಕಷ್ಟ. ಆದರೆ ಅವನು 1822ರಲ್ಲಿ ಬರೆದಿಟ್ಟಿದ್ದರಿಂದ, 2005ರಲ್ಲಿ ಅನುಮಾನ ಬಂದಾಗ ಹಿಡಿದುಕೊಳ್ಳೋಕೆ ಒಂದು ಹೆಸರು ರೆಡಿ ಇತ್ತು. ವರ್ಣನೆ ಅಂದ್ರೆ ಇಷ್ಟೇ: ನಾನು ಕಂಡ ವ್ಯತ್ಯಾಸ ಇದು, ಮುಂದೆ ಬರೋರು ಪರೀಕ್ಷೆ ಮಾಡಿ ಅಂತ ಬಿಟ್ಟುಹೋಗೋ ಚೀಟಿ.

ಮುಂದಿನ ಸಲ ಬೀಚಲ್ಲಿ ಚಿಪ್ಪು ಸಿಕ್ಕರೆ ಮೊದಲು ಮಗುಚಿ ಕೀಲು ನೋಡಿ. ಚಮಚದಂಥ ಗುಳಿ ಇದೆಯಾ? ಹಲ್ಲು ಯಾವ ಆಕಾರ? ಸಿಕ್ಕ ಜಾಗ, ದಿನಾಂಕ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಒಳಗಿನ ಫೋಟೊ ತೆಗೆದು, ನಿಮ್ಮೂರಲ್ಲಿ ಅದನ್ನ ಏನಂತಾರೆ ಅಂತ ಕಾಮೆಂಟಲ್ಲಿ ಹೇಳಿ. ನೋಡೋಣ, ಎಷ್ಟು ಹೆಸರು ಸಿಗುತ್ತೆ.

#ಹೆಸರಿನಹಿಂದೆ #ಕಪ್ಪೆಚಿಪ್ಪು #ಕನ್ನಡದಲ್ಲಿವಿಜ್ಞಾನ